ನೆಲಮಾಳಿಗೆಯಿಂದ ಅಳಿಸಿದ ‘ನೆಲ’

ಮಾನ್ಯ ನೋಂದಣಾಧಿಕಾರಿಗಳೇ,

ನಿಮ್ಮ ಕಚೇರಿಯ ಒಂದು ಕೆಂಪು ಗೀಟಿನಿಂದ ನನ್ನ ತಂಗಿಯ ದವಡೆ ಮೂರು ಕಡೆ ಮುರಿದಿದೆ. ಹೊಡೆದವನು ಅವಳ ಗಂಡ, ನೀವಲ್ಲ. ಅಷ್ಟು ನ್ಯಾಯ ನನಗೂ ಗೊತ್ತು. ಆದರೆ ಹೊಡೆಯಲು ಅವನಿಗೆ ಹನ್ನೊಂದು ನಿಮಿಷ ಪುರುಸೊತ್ತು ಮಾಡಿಕೊಟ್ಟವರು ನೀವು.

ನಾನು ಟೈಲರ್. ಗಂಡನ ಏಟು ತಾಳಲಾರದೆ ಬಂದ ತಂಗಿ ನನ್ನ ಜೊತೆಗಿದ್ದಾಳೆ. ಮನೆ, ಅಂಗಡಿ ಎಲ್ಲ ಒಂದೇ ನೆಲಮಾಳಿಗೆ; ರಸ್ತೆಯಿಂದ ಹತ್ತು ಮೆಟ್ಟಿಲು ಕೆಳಗೆ. ಅಲ್ಲಿಗೆ ಮೊಬೈಲ್ ಸಿಗ್ನಲ್ ಸತ್ತರೂ ಬರುತ್ತಿರಲಿಲ್ಲ. ಅದಕ್ಕೇ ಇಂಟರ್ನೆಟ್ ವೈರಿಗೆ ಸಿಕ್ಕಿಸುವ ಡಬ್ಬಿ, ಮನೆಯೊಳಗಿನ ಪುಟ್ಟ ಟವರ್, ಹಾಕಿಸಿದೆ. ಅದರಿಂದ ತುರ್ತು ಕರೆ ಮಾಡಿದರೆ ಪೊಲೀಸರಿಗೆ ಕಾಣುವುದು ನಿಮ್ಮಲ್ಲಿ ನೋಂದಾಯಿಸಿದ ವಿಳಾಸ. ಅರ್ಜಿಯಲ್ಲಿ ನಾನು ದುಂಡಗೆ ‘ನೆಲಮಾಳಿಗೆ’ ಎಂದೇ ಬರೆದಿದ್ದೆ. ನಿಮ್ಮ ಗುಮಾಸ್ತರು ‘ನೆಲ’ದ ಮೇಲೆ ಕೆಂಪು ಗೀಟು ಎಳೆದು ‘ಮಾಳಿಗೆ’ ಉಳಿಸಿದರು. ಎಲ್ಲ ಮುಗಿದ ಮೇಲೆ ಹೋಗಿ ಕೇಳಿದರೆ, “ನೆಲ ಅಂದ್ರೆ ಕೆಳಗೆ, ಮಾಳಿಗೆ ಅಂದ್ರೆ ಮೇಲೆ. ಎರಡೂ ಕಡೆ ಹೇಗಮ್ಮಾ ಇರ್ತೀರ? ಅದಕ್ಕೇ ನಾವೇ ತಿದ್ದಿದ್ವಿ” ಎಂದರು. ಎಂಥ ಭಾಷಾಸೇವೆ! ನೆಲಗಡಲೆಯನ್ನೂ ಹೀಗೇ ತಿದ್ದಿ ಕಡಲೆ ಮಾಡುತ್ತಾರೋ?

ಸೋಮವಾರ ಮಧ್ಯಾಹ್ನ ನಾನು ಲೈನಿಂಗ್ ಬಟ್ಟೆ ತರಲು ಹೋಗಿದ್ದಾಗ ಅವನು ನುಗ್ಗಿದ. ತಂಗಿ ಹೇಗೋ ಕರೆ ಒತ್ತಿದಳು. ಮಾತು ಹೊರಡುವ ಮೊದಲೇ ಇಸ್ತ್ರಿಪೆಟ್ಟಿಗೆ ಬಾಯಿಗೆ ಬಿತ್ತು. ಕರೆ ಕಡಿಯಲಿಲ್ಲ, ಗಂಡ ಹೆಂಡತಿಯನ್ನು ಬಡಿಯುತ್ತಿರುವುದು ಪೊಲೀಸರಿಗೆ ಕೇಳಿಸಿತು, ಡಬ್ಬಿ ಅಷ್ಟು ಚೆನ್ನಾಗಿ ಕೆಲಸ ಮಾಡಿತು. ಪೊಲೀಸರು ಬೇಗನೇ ಬಂದರು. ಬಂದವರು ನೇರ ಮಾಳಿಗೆಗೆ ಓಡಿ, ಬಾಗಿಲು ಒದ್ದು ಮುರಿದು, ಬನಿಯನ್ನಿನಲ್ಲಿ ಮಲಗಿದ್ದ ನಿವೃತ್ತ ಮೇಷ್ಟ್ರನ್ನು ಕೆಡವಿ ತೋಳು ತಿರುಚಿದರು.

“ಎಲ್ಲೋ ನಿನ್ನ ಹೆಂಡ್ತಿ?”

“ಸತ್ತು ಆರು ವರ್ಷ ಆಯ್ತು ಸ್ವಾಮಿ!”

ಆ ಉತ್ತರಕ್ಕೆ ಇನ್ನೆರಡು ಬಿದ್ದವು. ಆ ಹನ್ನೊಂದು ನಿಮಿಷವೂ ಕೆಳಗೆ ಅವನು ತಂಗಿಯ ತಲೆಯನ್ನು ಹೊಲಿಗೆ ಮಿಷನ್ನಿನ ಕಬ್ಬಿಣಕ್ಕೆ ಜಜ್ಜುತ್ತಿದ್ದ. ನಾನು ಬಂದಾಗ ಬಟ್ಟೆಚೂರುಗಳ ನಡುವೆ ಅವಳ ಹಲ್ಲುಗಳಿದ್ದವು. ನನ್ನ ಕಿರುಚಾಟ ಕೇಳಿ ಪೊಲೀಸರು ಇಳಿದು ಬಂದು ಅವನನ್ನು ಹಿಡಿದರು. ನನಗೆ ನಿಮ್ಮ ಮೇಲೆ ಬಂದಿರುವ ಸಿಟ್ಟಿಗೆ ಅರ್ಜಿ ನಮೂನೆ ಇಲ್ಲ.

ಶುಕ್ರವಾರ ಅವನಿಗೆ ಜಾಮೀನು. ತಂಗಿಯ ದವಡೆಗೆ ತಂತಿ ಬಿಗಿದಿದ್ದಾರೆ. ಮತ್ತೆ ಕರೆ ಮಾಡಿದರೂ ಅವಳು ವಿಳಾಸ ಹೇಳಲಾರಳು, ನಿಮ್ಮ ದಾಖಲೆಯೇ ಹೇಳಬೇಕು. ತಿದ್ದುಪಡಿಗೆ ಮೂವತ್ತು ದಿನ ಬೇಕಂತೆ. ಗೀಟು ಎಳೆಯಲು ಎಷ್ಟು ದಿನ ಹಿಡಿಯಿತು? ಗುರುವಾರ ಸಂಜೆಯೊಳಗೆ ಸರಿಪಡಿಸಿ. ಇಲ್ಲವಾದರೆ ಶುಕ್ರವಾರ ಪೊಲೀಸರು ಯಾವ ಮಹಡಿಗಾದರೂ ಹೋಗಲಿ, ಅವನಿಗೆ ನಾನೇ ಸಾಕು.

ಇಂತಿ,
ದೊಡ್ಡ ಕತ್ತರಿಗೆ ಸಾಣೆ ಹಿಡಿಸಿಕೊಂಡು ಬಂದಿರುವ
ಅವಳ ಅಕ್ಕ