ಮುಂದೆ ಕೂತವರ ಕೆಲಸ

ಜನವರಿ ೧೯, ಭಾನುವಾರ

ನಗಬಾರದಿತ್ತು. ಅದೇ ಕೊರೆಯುತ್ತಿದೆ.

ನಲವತ್ತು ವರ್ಷ ವೇಲ್ಸಿನಲ್ಲಿ ಬಸ್ಸು ಓಡಿಸಿದ ಅಪ್ಪ, ನಮ್ಮ ಫಾಕ್‌ಲ್ಯಾಂಡ್ ದ್ವೀಪಕ್ಕೆ ಬಂದು ಮಗಳ ಪಕ್ಕದಲ್ಲಿ ಸುಮ್ಮನೆ ಕೂರಬೇಕಾಯಿತು. ನಾನು ಜೀಪು ಓಡಿಸಲು ಕೊಡಲಿಲ್ಲವೆಂದು ಮುಖ ಊದಿಸಿಕೊಂಡಿದ್ದರು.

"ಹಾಗಾದ್ರೆ ದಾರಿಗಡ್ಡ ಇರೋ ಕುರಿ ಬೇಲಿ ಗೇಟೆಲ್ಲ ನಿಮ್ಮದೇ ಅಪ್ಪ," ಅಂದೆ. "ಇಲ್ಲಿ ಮುಂದೆ ಕೂತವರೇ ಇಳಿದು ತೆಗೀಬೇಕು, ಜೀಪು ದಾಟಿದ ಮೇಲೆ ಹಾಕ್ಬೇಕು. ಇಲ್ದಿದ್ರೆ ನಮ್ಮ ಕುರಿ ಪಕ್ಕದವರ ಪಾಲು."

ಪೆಂಗ್ವಿನ್ ತೀರದವರೆಗೆ ಒಂಬತ್ತು ಗೇಟು. ಗಾಳಿಗೆ ಟೋಪಿ ಹಿಡಿದುಕೊಂಡು ಪ್ರತಿಸಲವೂ ಅವರೇ ಇಳಿದರು. ಹಿಂದೆ ಅಮ್ಮನ ಜೊತೆ ಕೂತಿದ್ದ ನನ್ನ ಮಗಳು ಮೊರ್ವೆನ್, "ತಾತ, ನಾನು ಹೋಗ್ಲಾ?" ಅಂದರೆ, "ತಾತನ ಕೆಲಸ ಕಿತ್ಕೋತೀಯೇನೇ?" ಅಂತ ಗದರಿದರು.

ವಾಪಸ್ಸು ಬರುವಾಗ, ಮನೆಯ ಹತ್ತಿರದ ಕೊನೆಯ ಗೇಟು. ಜೀಪು ಈಚೆ ಬಂತು. ಅಪ್ಪ ಗೇಟು ಎಳೆದು, ಸರಪಳಿ ಬಿಗಿದು, ತಾವು ಆಚೆಯೇ ನಿಂತುಬಿಟ್ಟರು. ಮೊರ್ವೆನ್ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಅಪ್ಪ ಆ ಸರಪಳಿಯನ್ನೇ ನೋಡುತ್ತಿದ್ದರು, ಅದನ್ನು ಹಾಕಿದವರು ಬೇರೆ ಯಾರೋ ಎಂಬಂತೆ.

ಅಮ್ಮ ನಗಲಿಲ್ಲ. "ಆರು ತಿಂಗಳಿಂದ ಹೀಗೇ ಕಣೇ," ಅಂದಳು ಮೆಲ್ಲಗೆ. "ಅದಕ್ಕೇ ತಡಮಾಡದೆ ಈ ವರ್ಷವೇ ನಿನ್ನ ನೋಡೋಕೆ ಹೊರಟ್ವಿ."

ಇಳಿದು ಹೋಗಿ ಸರಪಳಿ ಬಿಚ್ಚಿದೆ.

"ಗಟ್ಟಿಯಾಗಿ ಹಾಕಿದ್ದೆ ತಾನೆ?" ಅಂದರು.

"ಹೂಂ ಅಪ್ಪ. ಒಂದು ಕುರಿಯೂ ನುಸುಳಲ್ಲ."

ನಾಳೆಯೂ ಹೋಗೋಣ ಅನ್ನುತ್ತಿದ್ದಾರೆ. ಮುಂದಿನ ಸೀಟು ಅವರದೇ. ಪ್ರತಿ ಗೇಟಿಗೂ ನಾನೂ ಇಳಿಯುತ್ತೇನೆ, ಕಾಲು ಜೋಮು ಹಿಡಿದಿದೆ ಅಂತಲೋ ಏನೋ ಒಂದು ಹೇಳಿ...