ಹನ್ನೆರಡನೆಯ ಪುಟದ ಸಾಲು

ವಸ್ತುಸಂಗ್ರಹಾಲಯದ ನಿರ್ದೇಶಕರಿಗೆ,

ನೀವು ಕಳಿಸಿದ ವರದಿ ತಲುಪಿತು. ನನ್ನದು ಏಳನೇ ಕ್ಲಾಸಿನ ಓದು, ಆದ್ದರಿಂದ ನಿಧಾನವಾಗಿ ಎರಡು ಸಲ ಓದಿದೆ. ಎರಡು ಸಾವಿರ ವರ್ಷದ ಹಿಂದಿನವರ ಹಾಗೆ, ಒಂದೂ ಮೊಳೆ ಹೊಡೆಯದೆ, ಹಲಗೆಗಳನ್ನು ನಾರಿನ ಹಗ್ಗದಲ್ಲಿ ಹೊಲಿದು ಆ ದೋಣಿ ಕಟ್ಟಿದವರು ನಮ್ಮ ಯಜಮಾನರು. ಹನ್ನೆರಡನೆಯ ಪುಟದಲ್ಲಿ ನೀವು, "ಬಡಗಿಯ ಹೊಲಿಗೆ ಸಡಿಲವಾಗಿದ್ದರಿಂದ ದೋಣಿ ಮುಳುಗಿತು, ನಮಗೆ ಅಮೂಲ್ಯ ಪಾಠ ಸಿಕ್ಕಿತು" ಎಂದು ಬರೆದಿದ್ದೀರಿ. ಆ ಸಾಲನ್ನು ತಿದ್ದಬೇಕು.

ನಾನು ದಿನಚರಿ ಬರೆಯುತ್ತೇನೆ. ದೋಣಿ ನೀರಿಗಿಳಿಸುವ ಹಿಂದಿನ ದಿನ ನಾನು ಬುತ್ತಿ ತಂದಾಗ ಶೆಡ್ಡಿನಲ್ಲಿ ನಡೆದ ಮಾತು ಅದರಲ್ಲಿ ಇದ್ದ ಹಾಗೇ ಇದೆ.

"ನೀರು ಒಳಗೆ ಬರದ ಹಾಗೆ ಹೊಲಿಗೆಗೆ ಹಚ್ಚಿದ ರಾಳ ಇನ್ನೂ ಹಸಿ ಇದೆ ಸಾರ್. ಒಂದು ತಿಂಗಳು ಒಣಗಲಿ," ಅಂದರು ಅವರು.

"ನಾಳೆ ಬರೋ ಅತಿಥಿಗಳು ನಿನ್ನ ರಾಳಕ್ಕೆ ಕಾಯ್ತಾರಾ? ಕಟ್ಟಿದವನಿಗೇ ಧೈರ್ಯ ಇಲ್ಲ ಅಂದ್ರೆ ಹೆಂಗಪ್ಪಾ? ನೀನೇ ಮುಂದೆ ಕೂತ್ಕೋ," ಅಂದಿರಿ ನೀವು. ಎಲ್ಲರೂ ನಕ್ಕರು. ಅವರೂ ನಕ್ಕರು.

ಮರುದಿನ ಮುಂದೆ ಕೂತು ಹುಟ್ಟು ಹಾಕಿದರು. ಹಳೆಯ ಕಾಲದಲ್ಲಿ ಇರಲಿಲ್ಲವೆಂದು ನೀವು ಯಾರಿಗೂ ಲೈಫ್ ಜಾಕೆಟ್ ಕೊಟ್ಟಿರಲಿಲ್ಲ. ದೋಣಿ ಮುಳುಗಿದಾಗ ಉಳಿದವರು ಈಜಿ ದಡ ಸೇರಿದರು. ಇವರಿಗೆ ಈಜು ಬರುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಸತ್ತವರ ಕೈ ಡೊಂಕು ಅಂದಿರಿ.

ವರದಿಯ ಜೊತೆ ಎರಡನೆಯ ದೋಣಿಯನ್ನು ನೀರಿಗಿಳಿಸುವ ಆಮಂತ್ರಣವೂ ಇತ್ತು. ನಾನು ಬರುವುದಿಲ್ಲ. ಇದರ ರಾಳವನ್ನು ಪೂರ್ತಿ ಒಂದು ತಿಂಗಳು ಒಣಗಿಸಿದ್ದೀರಂತೆ. ಒಳ್ಳೆಯದಾಯಿತು. ಹಾಗೆ ಒಣಗಿಸಬೇಕೆಂದು ಮೊದಲು ಹೇಳಿದವರು ಯಾರೆಂದು ದಯವಿಟ್ಟು ಬರೆಯಿರಿ.

ಇಂತಿ,
ಬಡಗಿಯ ಹೆಂಡತಿ