ದೇವಿಕೊಪ್ಪದ ಶಿಬಿರದಲ್ಲಿ ಕೇಳಿದ ಹೆಸರುಗಳು

ನವೆಂಬರ್ ೧೯೮೬

ಅವ್ವಾ,

ಇವತ್ತು ದೇವಿಕೊಪ್ಪದ ಕಾಡಿನಲ್ಲಿ ಶಾಲಾ ಮಾಸ್ತರರಿಗೆ ಪರಿಸರ ಶಿಬಿರವಿತ್ತು. ಕಲಿಸಲು ಬಂದಿದ್ದ ಅಕ್ಕೋರು ಒಂದೊಂದೇ ಎಲೆ ಎತ್ತಿ ಹಿಡಿದು ಗಿಡದ ಹೆಸರು ಕೇಳಿದರು. ಯಾರಿಗೂ ಬರಲಿಲ್ಲ. ನಾನೊಬ್ಬನೇ ಹೇಳಿದೆ: ಮತ್ತಿ, ದಿಂಡಲ, ತಾರೆ, ಕವಳಿ.

"ಯಾವ ಪುಸ್ತಕದಾಗ ಓದೀರಿ, ಸರ?"

"ನಮ್ಮವ್ವ ಹೇಳಿಕೊಟ್ಟಾಳ್ರಿ."

"ಹಂಗಾದ್ರ ನಾಳೆ ಅವರನ್ನ ಕರಕೊಂಡು ಬರ್ರಿ. ನಮಗೆಲ್ಲಾ ಅವರೇ ಕಲಿಸಲಿ."

ನೀನು ತೀರಿಕೊಂಡು ವರ್ಷವಾಯಿತು; ಆದರೂ "ಹೂಂ ರೀ" ಎಂದುಬಿಟ್ಟೆ.

ನಾನು ಹೊಸದಾಗಿ ಮಾಸ್ತರನಾದಾಗ ನೀನು ಉಡಿ ತುಂಬ ಕಾಡಿನ ಹಣ್ಣು ತಂದು, "ಹುಡುಗರಿಗೆ ಗಿಡದ ಗುರ್ತ ಹೇಳತೇನಪಾ" ಎಂದು ಶಾಲೆಯ ಬಾಗಿಲಲ್ಲಿ ನಿಂತಿದ್ದೆ. ಅಷ್ಟರಲ್ಲಿ ಹೆಡ್‌ಮಾಸ್ತರರು, "ಯಾರಿವರು?" ಎಂದು ನನ್ನನ್ನು ಕೇಳಿದರು.

"ಕಟಗಿ ಮಾರೂವಾಕಿ ರೀ" ಎಂದೆ ನಾನು.

ನೀನು ನನ್ನ ಮುಖ ನೋಡಿ, "ಹೌದ್ರಿ ಸರ" ಎಂದು ಅವರಿಗೆ ಕೈಮುಗಿದು, ಹಣ್ಣು ಹುಡುಗರಿಗೆ ಹಂಚಿ ಹೋದೆ.